ಮನಸ್ಸು ಬಂಗಾರ ಅನ್ನಿಸಿಕೊಂಡವರು

ನಮ್ಮ ಕೊಟ್ಟೂರಿನ ಕಡೆ ಹೊಸ ಡಾಕ್ಟರು ಬಂದರೆ ಜನ ಮೊದಲು ಕೇಳುವುದು ಏನು ಓದಿದ್ದಾರೆ ಅಂತಲ್ಲ, ಬೈತಾರೋ ಇಲ್ಲೋ ಅಂತ. ಬೈಯುವ ಡಾಕ್ಟರು ಒಳ್ಳೆಯವರು. ನಗುನಗುತ್ತಾ ಮಾತಾಡುವವರು ದುಡ್ಡಿಗೆ ಕೂತವರು. ಹೆತ್ತವರು ಬಿಟ್ಟರೆ ಇನ್ಯಾರು ಬೈಯುತ್ತಾರೆ, ಕಾಳಜಿ ಇದ್ದದ್ದಕ್ಕೇ ತಾನೆ ಬೈದದ್ದು ಅನ್ನುವುದು ಇವರ ಲೆಕ್ಕ. ಕೂಡ್ಲಿಗಿಯಿಂದ ಹಿಡಿದು ಹಡಗಲಿಯವರೆಗೆ ಈ ಲೆಕ್ಕ ತಪ್ಪು ಅಂದವರನ್ನು ನಾನು ಕಂಡಿಲ್ಲ. ನಾನು ಅನ್ನುತ್ತೇನೆ. ಈ ಲೆಕ್ಕದಿಂದಲೇ ದೊಡ್ಡವರಾದ ಒಬ್ಬರ ಆಸ್ಪತ್ರೆಯಲ್ಲಿ ತಲೆ ನೆರೆಯುವವರೆಗೆ ನರ್ಸಾಗಿ ದುಡಿದಿದ್ದೇನೆ. ಮೊನ್ನೆ ಅವರು ತೀರಿಕೊಂಡರು. ಊರು ಅತ್ತಿತು, ನಾನು ಅಳಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಂದು ಹಾರ ಹಾಕಿದಂತಾಗುತ್ತದೆ, ಅವರಿಗೆ ಬಿದ್ದ ಹಾರಗಳೇ ಬೇಕಾದಷ್ಟಾಗಿವೆ.

ಎತ್ತರದ ಆಳು. ಬಿಳಿ ಅರ್ಧ ತೋಳಿನ ಅಂಗಿ, ಇಸ್ತ್ರಿ ಮುರಿಯದ್ದು. ಮೈಗೆ ಸೋಪಿನ ವಾಸನೆ. ಬೈಯುವ ಮೊದಲು ಕನ್ನಡಕವನ್ನು ಹಣೆಗೆ ಏರಿಸುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತವರು ಬಾಗಿಲ ಸಂದಿಯಿಂದ ಅದನ್ನೇ ಕಾಯುತ್ತಿದ್ದರು. ‘ಕನ್ನಡಕ ಮ್ಯಾಲ ಹೋತು’ ಅಂತ ಒಬ್ಬರು ಪಿಸುಗುಟ್ಟಿದರೆ ಉಳಿದವರು ಮಾತು ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಒಳಗಿನಿಂದ ಶುರುವಾಗುತ್ತಿತ್ತು: ‘ಸಾಯಾಕ ಇಲ್ಲಿಗ್ಯಾಕ ಬಂದಿ? ನಿಮ್ಮೂರಾಗ ಜಾಗ ಇರಲಿಲ್ಲೇನು?’ ‘ಗುಳಿಗಿ ನುಂಗಾಕ ಕೊಟ್ಟಿದ್ನೋ, ದೇವರ ಮಾಡದಾಗ ಇಟ್ಟು ಪೂಜಿ ಮಾಡಾಕ ಕೊಟ್ಟಿದ್ನೋ?’ ಬೈಸಿಕೊಂಡವರು ಹೊರಗೆ ಬಂದು ಸೆರಗಿನಿಂದಲೋ ಟವೆಲ್ಲಿನಿಂದಲೋ ಮುಖ ಒರೆಸಿಕೊಂಡು, ‘ಇವತ್ತು ನನಗ ಭಾಳ ಬೈದ್ರು ನೋಡು’ ಅಂತ ಪಕ್ಕದವರಿಗೆ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇರುತ್ತಿತ್ತು.

ಹೊಸಹಳ್ಳಿಯ ಕಡೆಯ ಒಬ್ಬ ಮುದುಕರು ಬಿಪಿ ತೋರಿಸಲು ಬರುತ್ತಿದ್ದರು. ಒಂದು ದಿನ ಡಾಕ್ಟರು ಏನೂ ಅನ್ನದೆ ಚೀಟಿ ಬರೆದು ಕಳಿಸಿದರು. ಮುದುಕರು ಹೊರಗೆ ಬಂದವರು ಬೆಂಚು ಬಿಟ್ಟು ಏಳಲೇ ಇಲ್ಲ.

‘ಯಾಕಜ್ಜ, ಬಸ್ಸು ಹೋಗ್ತೈತಿ ನೋಡು,’ ಅಂದೆ.

‘ಸಿಸ್ಟರಮ್ಮ, ಇವತ್ತು ಡಾಕ್ಟ್ರು ನನಗೇನೂ ಅನ್ನಲಿಲ್ಲ. ನಂದು ಮುಗೀತೇನು? ಖರೇ ಹೇಳು, ಮಗಗ ಫೋನ್ ಮಾಡ್ತೀನಿ.’

ನಾನು ಒಳಗೆ ಹೋಗಿ ಹೇಳಿದೆ. ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಎದ್ದು ಬಾಗಿಲಿಗೆ ಬಂದು, ಕನ್ನಡಕ ಹಣೆಗೆ ಏರಿಸಿ, ‘ಇನ್ನಾ ಇಲ್ಲೇ ಕುಂತಿಯೇನು ಮುದುಕ? ಬೀಡಿ ಬಿಡು ಅಂದ್ರ ಬಿಡಂಗಿಲ್ಲ, ಬೆಂಚು ಬಿಡು ಅಂದ್ರ ಬಿಡಂಗಿಲ್ಲ, ಏಳು’ ಅಂತ ಗದರಿದರು. ಮುದುಕರ ಮುಖಕ್ಕೆ ಜೀವ ಬಂತು. ಎದ್ದು, ಕೈಮುಗಿದು, ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಬೆಂಚಿನವರೆಲ್ಲ ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮನೆಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಾಗ ಒಂದು ಮಾತು ತಲೆಯಲ್ಲಿ ಕೂತಿತು. ಸಿಟ್ಟು ಅಂದರೆ ಬರುವಂಥದ್ದು. ಇವರ ಸಿಟ್ಟು ಕರೆದರೆ ಬರುತ್ತದೆ. ಮುಖದ ನಗು ಆರುವ ಮೊದಲೇ ಬಾಯಿಗೆ ಬಂದು ನಿಂತಿತ್ತು. ಕರೆದರೆ ಬರುವಂಥದ್ದು ಹೋಗು ಅಂದರೆ ಹೋಗುವುದೂ ಇರಬೇಕಲ್ಲ ಅನ್ನಿಸಿತು. ಆಮೇಲಿಂದ ನಾನು ಅವರನ್ನು ನೋಡುವ ರೀತಿಯೇ ಬದಲಾಯಿತು.

ನೋಡುತ್ತಾ ಹೋದೆ. ಒಂದು ಮಧ್ಯಾಹ್ನ ಹೆಂಗಸೊಬ್ಬಳು ಜ್ವರ ಬಂದ ಮಗುವನ್ನು ಎರಡು ದಿನ ತಡ ಮಾಡಿ ತಂದಿದ್ದಳು. ಡಾಕ್ಟರ ಮುಖ ಕೆಂಪಾಗಿತ್ತು, ಮೇಜಿನ ಮೇಲೆ ಪೆನ್ನು ಕುಟ್ಟುತ್ತಿದ್ದರು. ‘ನಿನಗ ತಾಯಿ ಅಂತಾರೇನು? ಕುರಿಗೂ ನಿನಗಿಂತ ಚಲೋ...’ ಅನ್ನುವಷ್ಟರಲ್ಲಿ ಫೋನು ಬಂತು. ರಾಜಕೀಯದ ಒಬ್ಬ ದೊಡ್ಡ ಮನುಷ್ಯರದು. ‘ಬರ್ರಿ ಬರ್ರಿ ಸಾಹೇಬ್ರ, ನಿಮ್ಮ ಆಸ್ಪತ್ರಿ ಅಲ್ಲೇನ್ರಿ ಇದು, ಯಾವಾಗರ ಬರ್ರಿ’ ಅಂದರು. ದನಿಯಲ್ಲಿ ಬೆಣ್ಣೆ. ಹಲ್ಲು ಕಾಣುತ್ತಿತ್ತು. ಫೋನು ಇಟ್ಟು ಅವಳ ಕಡೆ ತಿರುಗಿ, ‘ಕುರಿಗೂ ನಿನಗಿಂತ ಚಲೋ ಬುದ್ಧಿ ಇರ್ತೈತಿ’ ಅಂತ ಬಿಟ್ಟ ಮಾತಿನಿಂದಲೇ ಹಿಡಿದರು. ನಲ್ಲಿ ತಿರುಗಿಸಿದ ಹಾಗೆ. ಆ ಹೆಂಗಸು ಅಷ್ಟು ಹೊತ್ತೂ ತಲೆ ಬಗ್ಗಿಸಿ, ಉಳಿದದ್ದನ್ನು ಬೈಸಿಕೊಳ್ಳಲು ಕಾಯುತ್ತಾ ನಿಂತಿದ್ದಳು.

ಹರಪನಹಳ್ಳಿಯಿಂದ ಕಾರಿನಲ್ಲಿ ಬರುವ ಒಬ್ಬ ಸಾಹುಕಾರರಿದ್ದರು. ಸಕ್ಕರೆ ಕಾಯಿಲೆ. ಬೀಗರ ಮನೆಯಲ್ಲಿ ಹೋಳಿಗೆ ಎಷ್ಟು ಹೊಡೆದೆ ಅಂತ ತಾವೇ ಹೇಳಿ ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು, ‘ಬಾಯಿ ಕಟ್ಟೋದು ಕಷ್ಟ ಬಿಡ್ರಿ’ ಅನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಅವರು ಹೋದ ಮೇಲೆ ಒಳಗೆ ಬಂದ ಹಮಾಲಿ ಮನುಷ್ಯ ಎರಡು ಮಿರ್ಚಿ ತಿಂದಿದ್ದಕ್ಕೆ ಆ ಹೋಳಿಗೆಯದನ್ನೂ ಸೇರಿಸಿ ಬೈಸಿಕೊಂಡ.

ಹೊಸಬರು ಬಂದರೆ ಡಾಕ್ಟರು ಮೊದಲು ಯಾವೂರು ಅಂತ ಕೇಳುತ್ತಿದ್ದರು, ಆಮೇಲೆ ಯಾವ ಓಣಿ ಅಂತ. ಕಾಯಿಲೆಗೂ ಓಣಿಗೂ ಏನು ಸಂಬಂಧ ಅಂತ ನನಗೆ ಬಹಳ ದಿನ ತಿಳಿದಿರಲಿಲ್ಲ. ಓಣಿ ಗೊತ್ತಾದ ಮೇಲೆ ದನಿ ತೀರ್ಮಾನ ಆಗುತ್ತಿತ್ತು. ನಾವು ಯಾವ ಓಣಿಯವರು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯಬೇಕಾಗಿಲ್ಲ, ಓದುವವರಿಗೆ ತಿಳಿಯುತ್ತದೆ.

ಕೈಗುಣ ಇತ್ತು. ಅದನ್ನು ಇಲ್ಲ ಅಂದರೆ ನಾನೂ ಸುಳ್ಳುಗಾತಿಯಾಗುತ್ತೇನೆ. ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದು ಆಮೇಲೆ ಸ್ಕ್ಯಾನಿಂಗಿನಲ್ಲಿ ಹಾಗೇ ಬರುತ್ತಿತ್ತು. ಬಡವರ ಹತ್ತಿರ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹೊಸದಾಗಿ ಸೇರಿದಾಗ ಮಕ್ಕಳ ಕೈಯಲ್ಲಿ ರಕ್ತನಾಳ ಹುಡುಕಲು ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಬೆರಳು ಹಿಡಿದು, ‘ಕಣ್ಣಿಂದ ಹುಡುಕಬ್ಯಾಡ, ಬೆರಳಿಂದ ಹುಡುಕು’ ಅಂತ ಸಮಾಧಾನದಿಂದ ಕಲಿಸಿದರು. ಎಷ್ಟು ಸಲ ತಪ್ಪಿದರೂ ದನಿ ಏರಲಿಲ್ಲ. ಆಗ ನಾನು ಇವರು ದೇವರಂಥವರು ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ತಾಳ್ಮೆ ಬೇಕಾದಾಗ ಅದೂ ಅವರ ಹತ್ತಿರ ಬೇಕಾದಷ್ಟಿತ್ತು.

ನರ್ಸಿಂಗ್ ಓದುವಾಗ ನಮಗೆ ಮನಶ್ಶಾಸ್ತ್ರದ ಪಾಠವಿತ್ತು. ಅದನ್ನು ಮಾಡುತ್ತಿದ್ದ ಮೇಡಂ ಒಂದು ಮಾತು ಹೇಳಿದ್ದರು: ಸ್ವಭಾವ ಅಂದರೆ ಮನುಷ್ಯ ಹೋದಲ್ಲೆಲ್ಲ ಅವನ ಜೊತೆ ಹೋಗುವಂಥದ್ದು. ಜಿಪುಣ ಮಗಳ ಮದುವೆಯಲ್ಲೂ ಜಿಪುಣನೇ. ಅಂಜುಬುರುಕ ತನ್ನ ಮನೆಯಲ್ಲೂ ಬಾಗಿಲು ಎರಡು ಸಲ ನೋಡುತ್ತಾನೆ. ನನ್ನನ್ನೇ ತೆಗೆದುಕೊಳ್ಳಿ. ನನಗೆ ಮರೆವು ಇಲ್ಲ. ಯಾರ ಮನೆಯಲ್ಲಿ ನನಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟರು, ಯಾರ ಮದುವೆಯಲ್ಲಿ ನಮ್ಮವ್ವನಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿದರು, ಎಲ್ಲ ನೆನಪಿದೆ. ಸಂತೆಯಲ್ಲಿ ಒಮ್ಮೆ ಕೊಳೆತ ಬದನೆಕಾಯಿ ಹಾಕಿದವಳ ಹತ್ತಿರ ಇವತ್ತಿಗೂ ನಿಲ್ಲುವುದಿಲ್ಲ, ಅವಳು ಸತ್ತು ಈಗ ಸೊಸೆ ಕೂತಿದ್ದರೂ. ನನ್ನ ಈ ಗುಣ ಮನೆಯಲ್ಲೂ ಇದೆ, ಆಸ್ಪತ್ರೆಯಲ್ಲೂ ಇತ್ತು, ಗುಡಿಗೆ ಹೋದರೆ ಅಲ್ಲೂ ಬರುತ್ತದೆ. ಇದು ಸ್ವಭಾವ. ಡಾಕ್ಟರ ಸಿಟ್ಟು ಕಾರಿನ ಬಾಗಿಲು ಕಂಡರೆ ಹಿಂದೆ ಸರಿಯುತ್ತಿತ್ತು. ಅದಕ್ಕೆ ಬೇರೆ ಹೆಸರಿದೆ.

ಊರಿನವರು ಮಾತ್ರ ‘ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ಬಿಡ್ರಿ, ಮಾತು ಒರಟು, ಮನಸ್ಸು ಬಂಗಾರ’ ಅನ್ನುತ್ತಿದ್ದರು.

ಆ ಬಂಗಾರಕ್ಕೆ ಬೆಲೆ ತೆತ್ತವಳು ನನ್ನ ಅಕ್ಕ.

ಅಕ್ಕನನ್ನು ಇಟ್ಟಿಗಿ ಊರಿಗೆ ಕೊಟ್ಟಿತ್ತು. ಗಂಡ ಬೇಗ ಹೋದ. ಮಗ, ಸೊಸೆ, ಸ್ವಲ್ಪ ಹೊಲ. ಅಕ್ಕ ಮೆತ್ತಗಿನ ಹೆಂಗಸು, ಎದುರಿಗೆ ಯಾರಾದರೂ ದನಿ ಏರಿಸಿದರೆ ತಪ್ಪು ತನ್ನದೇ ಇರಬೇಕು ಅಂದುಕೊಳ್ಳುವವಳು. ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮ ಡಾಕ್ಟರಿಗೇ ತೋರಿಸುತ್ತಿದ್ದಳು. ಒಮ್ಮೆ ಪಾದದಲ್ಲಿ ಸಣ್ಣದೊಂದು ಬೊಬ್ಬೆ ಕಂಡರು. ಕನ್ನಡಕ ಮೇಲೆ ಹೋಯಿತು.

‘ಚಪ್ಪಲಿ ಹಾಕ್ಕೊಂಡು ಅಡ್ಡಾಡು ಅಂತ ಎಷ್ಟು ಸಲ ಬಡ್ಕೋಬೇಕು? ಇನ್ನೊಮ್ಮಿ ಕಾಲಾಗ ಗಾಯ ಕಂಡ್ರ ಕತ್ತರಿಸಿ ನಿನ್ನ ಕೈಯಾಗ ಕೊಡ್ತೀನಿ. ಬಗಲಾಗ ಇಟ್ಕೊಂಡು ಬಸ್ ಹತ್ತು.’

ಬೆಂಚಿನವರು ನಕ್ಕರು. ಅಕ್ಕನೂ ನಕ್ಕಳು, ಸೆರಗು ಬಾಯಿಗೆ ಹಿಡಿದು.

ಮುಂದೆ ಹೊಲದಲ್ಲಿ ಅವಳ ಚಪ್ಪಲಿ ತೂರಿಕೊಂಡು ಜಾಲಿ ಮುಳ್ಳು ಒಳಗೆ ಹೋಯಿತು. ಸಕ್ಕರೆ ಇದ್ದವರ ಪಾದಕ್ಕೆ ನೋವು ಗೊತ್ತಾಗುವುದಿಲ್ಲ, ಗಾಯ ಕಂಡಾಗಲೇ ದೊಡ್ಡದಾಗಿತ್ತು. ಅಕ್ಕ ಅರಿಷಿಣ ಹಚ್ಚಿ ಬಟ್ಟೆ ಕಟ್ಟಿಕೊಂಡು, ಆ ತಿಂಗಳು ತೋರಿಸುವ ದಿನ ತಪ್ಪದೆ ಆಸ್ಪತ್ರೆಗೆ ಬಂದಳು. ನಾನು ಅವತ್ತು ರಜೆಯಲ್ಲಿದ್ದೆ, ಹಗರಿಬೊಮ್ಮನಹಳ್ಳಿಯಲ್ಲಿ ಸಂಬಂಧಿಕರ ಮದುವೆ. ಅಕ್ಕ ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕೂತು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡಳು. ‘ಕಾಲಾಗ ಏನಾರ ಆಗೈತೇನು?’ ಅಂತ ಡಾಕ್ಟರು ಕೇಳಿದರಂತೆ. ‘ಏನಿಲ್ರಿ ಸಾಹೇಬ್ರ’ ಅಂದಳಂತೆ. ಸಕ್ಕರೆ ಏರಿದ್ದಕ್ಕೆ ಬೈದು, ಗುಳಿಗೆ ಬರೆದು ಕಳಿಸಿದರು.

ಪಂಚಮಿಗೆ ನಾನು ಇಟ್ಟಿಗಿಗೆ ಹೋದೆ. ಹೊಸ್ತಿಲು ದಾಟುತ್ತಲೇ ವಾಸನೆ ಗೊತ್ತಾಯಿತು. ಈ ಕೆಲಸ ಮಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಬಿಚ್ಚಿದೆ. ಎರಡು ಬೆರಳು ಕಪ್ಪಾಗಿದ್ದವು.

‘ಡಾಕ್ಟ್ರಿಗೆ ತೋರಿಸಲಿಲ್ಲೇನಬೇ?’

‘ತೋರಿಸಿದ್ರ ಬೈತಾರಲ್ಲೇ.’

‘ಬೈದ್ರ ಏನಾಗ್ತಿತ್ತು?’

‘ಕತ್ತರಿಸ್ತೀನಿ ಅಂದಿದ್ರಲ್ಲ ತಂಗಿ.’

ಅವಳು ಅದನ್ನು ನಂಬಿದ್ದಳು. ಬೆಂಚಿನವರಿಗೆ ಅದು ನಗುವ ಮಾತು, ನನ್ನ ಅಕ್ಕನಿಗೆ ಡಾಕ್ಟರು ಕೊಟ್ಟ ಮಾತು. ದಾವಣಗೆರೆಗೆ ಕರೆದುಕೊಂಡು ಹೋದೆವು. ಮೊಣಕಾಲ ಕೆಳಗೆ ತೆಗೆದರು. ಇನ್ನಷ್ಟು ಮೊದಲು ಬಂದಿದ್ದರೆ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತು ಅಂದರು ಅಲ್ಲಿನವರು. ಪ್ರಜ್ಞೆ ಬಂದ ಮೇಲೆ ಅಕ್ಕ ಆಡಿದ ಮೊದಲ ಮಾತು, ‘ಡಾಕ್ಟ್ರು ಮೊದಲ ಹೇಳಿದ್ರವ್ವ, ನಾನ ಕೇಳಲಿಲ್ಲ, ತಪ್ಪು ನಂದ.’ ಕಾಲು ಹೋದದ್ದಕ್ಕಿಂತ ಈ ಮಾತು ನನ್ನನ್ನು ಸುಟ್ಟಿತು.

ವಾಪಸು ಕೆಲಸಕ್ಕೆ ಬಂದೆ. ಬಾರದೆ ಏನು ಮಾಡಲಿ, ಅಕ್ಕನನ್ನು ಕೊಟ್ಟೂರಿಗೆ ಕರೆತಂದು ನನ್ನ ಜೊತೆ ಇಟ್ಟುಕೊಂಡಿದ್ದೆ. ಡಾಕ್ಟರು ಆಗಿದ್ದನ್ನೆಲ್ಲ ಕೇಳಿಕೊಂಡರು. ಮರುದಿನದಿಂದ ಸಕ್ಕರೆ ಕಾಯಿಲೆಯವರು ಯಾರೇ ಬಂದರೂ ನನ್ನ ಕಡೆ ಬೆರಳು ಮಾಡಿ, ‘ಈ ಸಿಸ್ಟರಮ್ಮನ ಅಕ್ಕನ್ನ ಕೇಳು ಹೋಗು, ಒಂದು ಕಾಲು ಕಳಕೊಂಡು ಕುಂತಾಳ. ಹೇಳಿದ ಮಾತು ಕೇಳಲಿಲ್ಲ, ಬುದ್ಧಿಗೇಡಿ’ ಅನ್ನತೊಡಗಿದರು. ಸಿರಿಂಜು ಹಿಡಿದ ನನ್ನ ಮುಂದೆ, ದಿನವೂ. ಒಂದು ದಿನ ಬಾಗಿಲು ಹಾಕಿ ಕೇಳಿಯೇಬಿಟ್ಟೆ.

‘ಸರ್, ನೀವು ಬೈತೀರಿ ಅಂತ ಅಂಜಿ ಆಕಿ ಕಾಲು ಮುಚ್ಚಿಟ್ಳು. ಸಮಾಧಾನದಿಂದ ಕೇಳಿದ್ರ ತೋರಿಸ್ತಿದ್ಲು.’

ಕನ್ನಡಕ ಮೇಲೆ ಹೋಯಿತು, ಆದರೆ ಬೈಯಲಿಲ್ಲ. ‘ನನ್ನ ಸ್ವಭಾವನ ಹಂಗೈತಿ. ಏನ್ ಮಾಡ್ಲಿ, ನನ್ನ ಕೈಯಾಗಿಲ್ಲ. ಈ ವಯಸ್ಸಿನಾಗ ಬದಲಾಗ್ತೈತೇನು?’ ಅಂದರು. ಮುಂದಿನ ಪೇಶಂಟನ್ನು ಕರೆಯಲು ಗಂಟೆ ಒತ್ತಿದರು.

ಅಂದಿನಿಂದ ಅವರ ನಾಲ್ಕು ಗಂಟೆಯ ಚಹಾ ಆರಿದ ಮೇಲೆಯೇ ಒಳಗೆ ಹೋಗುತ್ತಿತ್ತು. ಬಿಸಿ ಚಹಾವನ್ನು ಕಿಟಕಿಯಲ್ಲಿ ಇಟ್ಟು, ಕೆನೆ ಕಟ್ಟುವುದನ್ನು ನೋಡಿ, ಆಮೇಲೆ ಒಯ್ಯುತ್ತಿದ್ದೆ. ಅದಕ್ಕೆ ಅವರು ಬೈಯುತ್ತಿದ್ದರು, ಆ ಬೈಗುಳ ನನಗೆ ಹಬ್ಬ. ಸಣ್ಣ ಸೇಡು ಅಂತ ಗೊತ್ತು. ನನ್ನ ಸಂಬಳಕ್ಕೆ ಅಷ್ಟೇ ದಕ್ಕುತ್ತಿತ್ತು.

ಅವರು ಹೋದ ಮೇಲೆ ಕಲ್ಯಾಣ ಮಂಟಪದಲ್ಲಿ ನುಡಿನಮನ ಇಟ್ಟರು. ನಾನು ಹೋಗುವವಳಿರಲಿಲ್ಲ. ಅಕ್ಕ ಬೆಳಿಗ್ಗೆಯೇ ಸೀರೆ ಉಟ್ಟು, ಕೃತಕ ಕಾಲು ಕಟ್ಟಿಕೊಂಡು ಕೂತಿದ್ದಳು. ‘ನನಗ ಒಳ್ಳೇದಾಗಲಿ ಅಂತ ಬೈದವ್ರು. ಒಂದು ಹೂವು ಹಾಕಿ ಬರ್ತೀನಿ,’ ಅಂದಳು. ಆಟೊದಲ್ಲಿ ಕರೆದೊಯ್ದೆ. ಕೂರಲು ಅನುಕೂಲ ಅಂತ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಒಬ್ಬೊಬ್ಬರೇ ಎದ್ದು ತಮಗೆ ಹೇಗೆ ಬೈದಿದ್ದರು ಅಂತ ಹೇಳಿದರು. ಜನ ನಗುತ್ತಲೂ ಅಳುತ್ತಲೂ ಇದ್ದರು. ಬೈಗುಳಕ್ಕೊಂದು ಮನಸ್ಸು ಬಂಗಾರ, ಬೈಗುಳಕ್ಕೊಂದು ಮನಸ್ಸು ಬಂಗಾರ. ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಮೇಲೆ ಅವರ ಹೆಂಡತಿ ಮೈಕಿನ ಮುಂದೆ ಬಂದರು. ಒಳ್ಳೆಯ ಹೆಂಗಸು, ನನಗೆ ಹಬ್ಬಕ್ಕೆ ತಪ್ಪದೆ ಸೀರೆ ಕೊಟ್ಟವರು.

‘ಎಲ್ಲಾರೂ ನಮ್ಮನಿಯವ್ರದು ಭಾಳ ಸಿಟ್ಟು ಅಂತೀರಿ. ನನಗ ಕೇಳಿದ್ರ ಆಶ್ಚರ್ಯ ಆಗ್ತೈತಿ. ಮದುವಿ ಆದಾಗಿಂದ ಮನ್ಯಾಗ ಒಂದಿನಾನೂ ದನಿ ಏರಿಸಿದವರಲ್ಲ. ಮಕ್ಕಳು ಫೇಲಾದಾಗ್ಲೂ ಬೈಲಿಲ್ಲ. ನಮ್ಮ ತಾಯಿ ಅರವು ಮರವು ಆಗಿ ಒಂದ ಮಾತು ನೂರು ಸಲ ಕೇಳ್ತಿದ್ರು, ನೂರು ಸಲಾನೂ ಇವ್ರು ನಕ್ಕೊಂತ ಹೇಳ್ತಿದ್ರು. ಅಷ್ಟು ಶಾಂತ ಸ್ವಭಾವ.’

ಮಂಟಪದವರೆಲ್ಲ ತಲೆದೂಗಿದರು. ನೋಡಿದಿರಾ, ಎಂಥ ಮನುಷ್ಯ ಅಂತ. ನನ್ನ ಕೈಯಾಗಿಲ್ಲ ಅಂದಿದ್ದರಲ್ಲ ನನಗೆ. ಕೈಯಲ್ಲೇ ಇತ್ತು. ಆಸ್ಪತ್ರೆಯ ಬಾಗಿಲು ಹಾಕಿ ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಸಿಟ್ಟನ್ನು ತೆಗೆದಿಟ್ಟುಬಿಡುತ್ತಿದ್ದರು, ಚಪ್ಪಲಿಯ ಜೊತೆಗೆ.

‘ಹಳೇ ಸಿಸ್ಟರ್ ಎರಡು ಮಾತು ಹೇಳಲಿ’ ಅಂತ ಅಧ್ಯಕ್ಷತೆ ವಹಿಸಿದವರು ಕರೆದರು. ಹೋದೆ.

‘ಅಮ್ಮೋರು ಈಗ ಹೇಳಿದ್ದು ಕೇಳಿದ್ರಿ. ಮನ್ಯಾಗ ಒಂದಿನಾನೂ ಸಿಟ್ಟು ಮಾಡಿಲ್ಲ. ದೊಡ್ಡವರ ಫೋನ್ ಬಂದಾಗ ಮಾಡಿದ್ದು ನಾನೂ ನೋಡಿಲ್ಲ. ಕಾರಿನಾಗ ಬಂದವರ ಮ್ಯಾಲ ಮಾಡಿದ್ದೂ ನೋಡಿಲ್ಲ. ಹಂಗಾರ ಸಿಟ್ಟು ಅವರ ಸ್ವಭಾವ ಅಲ್ರಿ. ಸ್ವಭಾವ ಆಗಿದ್ರ ಮನಿಗೂ ಹೋಗ್ತಿತ್ತು. ಬೆಂಚಿನ ಮ್ಯಾಲ ಕುಂತ ನಮಗಷ್ಟ ತೆಗೆದಿಟ್ಟಿದ್ರು. ನಮ್ಮಕ್ಕ ಅದಕ್ಕ ಅಂಜಿ ಗಾಯ ಮುಚ್ಚಿಟ್ಳು, ಕಾಲು ಹೋತು. ಇಲ್ಲೇ ಮುಂದ ಕುಂತಾಳ, ನೋಡ್ರಿ.’

ಅಮ್ಮೋರು ನನ್ನನ್ನು ನೋಡುತ್ತಾ ಕೂತಿದ್ದರು, ಪಾಪ ಅನ್ನಿಸಿತು, ಆದರೆ ನಿಲ್ಲಿಸಬೇಕು ಅನ್ನಿಸಲಿಲ್ಲ. ಅಧ್ಯಕ್ಷರು ಎದ್ದು ಬಂದು, ‘ಸಿಸ್ಟರು ದುಃಖದಾಗ ಅದಾರ, ಏನೋ ಮಾತಾಡ್ಯಾರ’ ಅಂತ ಮೈಕು ತೆಗೆದುಕೊಂಡರು. ಊಟಕ್ಕೆ ಏಳಿ ಅಂದರು. ನಾವು ಉಣ್ಣದೆ ಹೊರಗೆ ಬಂದೆವು.

ಆಟೊದಲ್ಲಿ ಅಕ್ಕ ನನ್ನ ಮುಖ ನೋಡಲಿಲ್ಲ. ‘ಸತ್ತವರ ಮುಂದ ಹಂಗ ಮಾತಾಡ್ತಾರೇನು? ನಾಕು ಜನದಾಗ ನನ್ನ ಕಾಲು ತೋರಿಸಿದಿ’ ಅಂದಳು. ಅವಳಿಗೂ ಬೇಜಾರಾಗಿದ್ದರೆ ನಾನು ಯಾರ ಸಲುವಾಗಿ ಮಾತಾಡಿದೆ ಅಂತ ಒಳಗೇ ಕುದಿಯುತ್ತಿದ್ದೆ.

ಮನೆಯಲ್ಲಿ ಒಲೆ ಹಚ್ಚಿ ರೊಟ್ಟಿಗೆ ಹಿಟ್ಟು ಕಲಸಿದೆ. ಅಕ್ಕ ಮಂಚದ ಮೇಲೆ ಕೂತು ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು. ಎರಡು ರೊಟ್ಟಿ ಬೆಂದ ಮೇಲೆ ಕೇಳಿದಳು.

‘ಅಮ್ಮೋರು ಹೇಳಿದ್ದು ಖರೇ ಇರ್ತೈತೇನು?’

‘ಅವ್ರ್ಯಾಕ ಸುಳ್ಳು ಹೇಳ್ತಾರ. ಹೊಗಳಾಕ ಹೇಳ್ಯಾರ.’

‘ಮುದುಕಿ ನೂರು ಸಲ ಕೇಳಿದ್ರೂ ಬೈಲಿಲ್ಲಂತ.’

‘ಹೂಂ.’

‘ಹಂಗಾರ ತಡಿಯಾಕ ಬರ್ತಿತ್ತು ಆತಗ.’ ಕೈಯಲ್ಲಿ ಪಟ್ಟಿ ಹಾಗೇ ಇತ್ತು. ‘ನಾ ಏನ್ ತಿಳ್ಕೊಂಡಿದ್ದೆ, ಸಿಟ್ಟು ಬಂದ್ರ ಆತಗ ಏನೂ ತಿಳಿಯಂಗಿಲ್ಲ, ಅಂಥಾ ಮನುಷ್ಯಾಗ ಗಾಯ ತೋರಿಸಿ ಯಾಕ ಸಿಟ್ಟು ಬರಿಸ್ಬೇಕು ಅಂತ. ನಂದ ತಪ್ಪು ಅಂತ ಇಷ್ಟು ದಿನ ತಿಂದ ಅನ್ನ ಮೈಗೆ ಹತ್ತಲಿಲ್ಲ ನನಗ.’

ಕಾಲು ತೆಗೆದ ದಿನ ಅಳದವಳು ಆಗ ಅತ್ತಳು. ನಾನು ಹೆಂಚಿನ ಮೇಲಿನ ರೊಟ್ಟಿಯನ್ನು ಸೀಯಲು ಬಿಟ್ಟು ಹೋಗಿ ಪಕ್ಕದಲ್ಲಿ ಕೂತೆ. ಸಮಾಧಾನ ಮಾಡಲಿಲ್ಲ, ಅಳಲಿ ಅಂತ ಬಿಟ್ಟೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡಳು. ನನ್ನ ಅಕ್ಕ, ಜೀವಮಾನದಲ್ಲಿ ಒಂದು ನಾಯಿಗೂ ಹಚಾ ಅನ್ನದವಳು, ಬಾಗಿಲ ಕಡೆ ನೋಡುತ್ತಾ ಅಂದಳು:

‘ಇದು ಆತ ಬದುಕಿದ್ದಾಗ ಗೊತ್ತಾಗಬೇಕಿತ್ತಲ್ಲೇ. ಒಂದ ಕಾಲಿನ ಮ್ಯಾಲ ಹೋಗಿ, ಬಾಯಿ ತುಂಬ ಬೈದು ಬರ್ತಿದ್ದೆ.’